ಒಂದು ತೂತು ಬಿಟ್ಟು

ಪೊಳ್ಳು ಗೋಡೆ ಸುಳ್ಳು ಹೇಳುವುದಿಲ್ಲ.
ಬೆರಳ ಗೆಣ್ಣಿನಿಂದ ಕುಟ್ಟಿದರೆ
ಡಬ್ ಎನ್ನುತ್ತದೆ, ಖಾಲಿ ರಾಗಿ ವಾಡೆಯ ಹಾಗೆ.
ನೊರೆ ತುಂಬಿದ ಮೇಲೆ, ದಪ್.
ಡಬ್‌ಗೂ ದಪ್‌ಗೂ ನಡುವೆ ನನ್ನ ಕೂಲಿ.

ಶಿಡ್ಲಘಟ್ಟ ದಾಟಿ ದಿಬ್ಬೂರಹಳ್ಳಿ ರಸ್ತೆಯಲ್ಲಿ
ಹಾಲೋ ಬ್ಲಾಕಿನ ಎರಡೇ ಕೋಣೆ.
ಒಂದರಲ್ಲಿ ರೇಷ್ಮೆ ಹುಳು,
ಇನ್ನೊಂದರಲ್ಲಿ ಅಕ್ಕಯ್ಯಮ್ಮನ ಒಲೆ, ಚಾಪೆ, ಸಂಸಾರ.
ತಂಪು ಬೇಕಾದದ್ದು ಹುಳುವಿಗೆ.
"ನಮಗೇನಪ್ಪಾ, ಬೆವತರೆ ಒರೆಸ್ಕೊಂತೀವಿ,
ಅವಕ್ಕೆ ಸೆರಗೆಲ್ಲಿದೆ?"

ಹೋದ ಏಪ್ರಿಲ್ಲಿನ ಕತೆ ಹೇಳಿದಳು.
ನಾಲ್ಕನೇ ಜ್ವರದಿಂದೆದ್ದ ಹುಳು
ಸಪ್ಪೆ ರೋಗ ತಗುಲಿ ತಟ್ಟೆಗಟ್ಟಲೆ ಗುಂಡಿಗೆ ಹೋದದ್ದು,
ಕಿಟಕಿಗೆ ಗೋಣಿ ನೆನೆಸಿ ಕಟ್ಟಿದ್ದು,
ಮದುವೆ ಮನೆಯ ಫ್ಯಾನು ಬಾಡಿಗೆಗೆ ತಂದದ್ದು,
ಗೋಡೆ ಮಾತ್ರ ರಾತ್ರಿ ಹತ್ತರವರೆಗೂ
ರೊಟ್ಟಿ ಹೆಂಚಿನ ಹಾಗೆ ಕಾದೇ ಇದ್ದದ್ದು.

ಈಗ ಬೆಳೆ ಎತ್ತಿ ಕೋಣೆ ಖಾಲಿ,
ಸುಣ್ಣದ ವಾಸನೆ, ಬ್ಲೀಚಿಂಗ್ ಪೌಡರಿನ ವಾಸನೆ.
ಹುಳುವಿರುವಾಗ ನಮ್ಮ ಘಾಟು ಒಳಗೆ ಬರಕೂಡದು.
ಮುಂದಿನ ಚಾಕಿಗೆ ಇನ್ನೂ ಹನ್ನೊಂದು ದಿನ.
ಇಮ್ತಿಯಾಜ್ ಕೊಳವೆ ಬಿಚ್ಚಿದ,
ನಾನು ನೆಲದಿಂದ ಮೇಲಕ್ಕೆ ಕೊರೆಯುತ್ತಾ ಹೋದೆ.

ಒಳಗೆ ಹೋದ ನೊರೆ ಕಾಣಿಸುವುದಿಲ್ಲ.
ಕತ್ತಲಲ್ಲಿ ತನ್ನಷ್ಟಕ್ಕೆ ಉಬ್ಬಿ
ಮೂಲೆ ಮೂಲೆ ತಡಕುತ್ತಾ ಏರಿ
ಮೇಲಿನ ತೂತಿನಿಂದ ಬಿಳಿ ನಾಲಗೆ ಚಾಚಿದಾಗ
"ಓ" ಎನ್ನುತ್ತಾನೆ ಇಮ್ತಿಯಾಜ್, ನಾನು ಗುಂಡಿ ಬಿಡುತ್ತೇನೆ.
ಗಟ್ಟಿಯಾದ ಚೂರೊಂದನ್ನು ಎತ್ತಿಕೊಂಡು
ಮಾರ್ಕೆಟ್ಟಿನಲ್ಲಿ ಗೂಡು ಹಿಚುಕುವಂತೆ ಹಿಚುಕಿ ನೋಡಿದಳು.
"ಗೋಡೆಯೂ ಗೂಡು ಕಟ್ಟಿತು ಅನ್ನು.
ನೂಲು ಬಿಚ್ಚಕ್ಕಾಗಲ್ಲ, ಅಷ್ಟೇ."

ಮೂರು ಗೋಡೆ ಮುಗಿದವು.
ನಾಲ್ಕನೆಯದು ಎರಡು ಕೋಣೆಗೂ ನಡುವಿನದು.
ಡ್ರಿಲ್ಲಿನ ಮುಂದೆ ಅಂಗೈ ಇಟ್ಟಳು:
"ಇಲ್ಲಿ ಬೇಡ."
ಒಲೆಯ ಕಾವು ದಾಟುತ್ತದಲ್ಲಮ್ಮ ಎಂದೆ.
"ಬೇರೆಯದೂ ದಾಟುತ್ತೆ."

ದಿಂಬು ಇಡುವ ಜಾಗ ತೋರಿಸಿದಳು.
ಕಡೇ ವಾರದ ಹುಳು ಸೊಪ್ಪು ಮೇಯುವ ಸದ್ದು
ಪೊಳ್ಳು ಬ್ಲಾಕಿನೊಳಗಿಂದ ಕಿವಿಗೆ ಬರುತ್ತದಂತೆ,
ಯಾರೋ ಹೊಸ ಸೀರೆ ಮಡಿಸುತ್ತಾ
ಮುಗಿಸದೇ ಕೂತಂತೆ.
ಸದ್ದು ತೆಳುವಾದರೆ ಎದ್ದು ಸೊಪ್ಪು ಹಾಕುವುದು,
ನಿಂತರೆ ಜ್ವರಕ್ಕೆ ಕೂತಿತೆಂದು ಮಗ್ಗುಲು ಬದಲಿಸುವುದು.
ಇಪ್ಪತ್ತೆರಡು ವರ್ಷ ಅಲಾರಂ ಇಟ್ಟವಳಲ್ಲ.
ಏಪ್ರಿಲ್ಲಿನಲ್ಲೂ ಮೊದಲು ಹೇಳಿದ್ದು ಗೋಡೆಯೇ,
ಸದ್ದು ಸಪ್ಪೆಯಾಗಿತ್ತಂತೆ.

ಫೋನಿಗೆ ಸುದ್ದಿ ಕಳಿಸುವ ಮಾಪಕ ಇದೆ ಎಂದೆ.
"ಬಿಸಿ ಎಷ್ಟು ಅಂತ ಹೇಳುತ್ತೆ.
ಹಸಿವು ಎಷ್ಟು ಅಂತ ಹೇಳುತ್ತಾ?"

ಆರು ವರ್ಷದಿಂದ ಗೋಡೆ ಕುಟ್ಟುತ್ತಿದ್ದೇನೆ,
ಒಂದಕ್ಕೂ ಕಿವಿ ಕೊಟ್ಟವನಲ್ಲ.
ಅವಳ ಚಾಪೆಯ ಮೇಲೆ ಮಲಗಿದೆ.
ಆ ಕಡೆ ಇಮ್ತಿಯಾಜ್ ಗಡ್ಡ ಕೆರೆದುಕೊಂಡದ್ದು
ನನ್ನ ಕಿವಿಯೊಳಗೇ ಕೆರೆದಂತಾಯಿತು.

ಹಾಗಾಗಿ ಗೋಣಿ ತುರುಕಿ, ನೊರೆಗೆ ಅಡ್ಡ ಕಟ್ಟಿ,
ಗೋಡೆಯೆಲ್ಲ ತುಂಬಿ,
ದಿಂಬಿನೆತ್ತರದ ಒಂದು ಬ್ಲಾಕನ್ನು ಪೊಳ್ಳಾಗಿಯೇ ಬಿಟ್ಟೆ.

ನೂರಾ ಹದಿನೆಂಟು ತೂತು ಎಂದು ಲೆಕ್ಕ ಬರೆದೆ.
"ನೂರಾ ಹದಿನೇಳು. ತುಂಬದ ತೂತಿಗೂ ದುಡ್ಡಾ?"
ಬಿಡುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತಮ್ಮ ಎಂದೆ.
ಇಮ್ತಿಯಾಜ್ ನಕ್ಕ. ನಾನು ಅಂಕೆ ತಿದ್ದಿದೆ.

ಹೊರಡುವ ಮುನ್ನ, ಅಭ್ಯಾಸ ನೋಡಿ,
ಹುಳು ಮನೆಯ ಉದ್ದಕ್ಕೂ ಕುಟ್ಟುತ್ತಾ ಬಂದೆ.
ದಪ್, ದಪ್, ದಪ್,
ಡಬ್.

ಆ ಕಡೆಯಿಂದ ಅವಳೂ ಒಮ್ಮೆ ಕುಟ್ಟಿದಳು.